ಕುದುರೆಗೆ ಜಂತಿನ ಮದ್ದು: ಕ್ಯಾಲೆಂಡರ್ ನೋಡಿ ಅಲ್ಲ, ಲದ್ದಿ ನೋಡಿ

ಬೆಂಗಳೂರಿನಲ್ಲಿ ಈಗ ಕುದುರೆ ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ರೇಸ್‌ಕೋರ್ಸ್ ಕಡೆಗೇ ಕೈ ತೋರಿಸುತ್ತಾರೆ. ಆದರೆ ಲಗ್ನದ ದಿನಗಳಲ್ಲಿ ನಮ್ಮ ನಂದಿನಿ ಲೇಔಟ್, ಲಗ್ಗೆರೆ, ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರಗಳ ಕಲ್ಯಾಣ ಮಂಟಪಗಳ ಮುಂದೆ ಸಂಜೆ ಏಳು ಗಂಟೆಗೆ ಹೋಗಿ ನಿಂತು ನೋಡಿ. ಬ್ಯಾಂಡ್‌ಸೆಟ್ಟಿನ ಗದ್ದಲ, ತಲೆಯ ಮೇಲೆ ಹೊತ್ತ ದೀಪಗಳ ಸಾಲು, ಅವುಗಳ ನಡುವೆ ಮೆಲ್ಲಗೆ ಬರುವ ಸಾರೋಟು, ಅದಕ್ಕೆ ಕಟ್ಟಿದ ಬಿಳಿ ಕುದುರೆ. ಮದುಮಗನನ್ನು ಎಲ್ಲರೂ ನೋಡುತ್ತಾರೆ, ಸಾರೋಟನ್ನೂ ನೋಡುತ್ತಾರೆ. ಕುದುರೆಯ ಹೊಟ್ಟೆಯೊಳಗೆ ಏನಿದೆ ಎಂದು ಯೋಚಿಸುವವರು ಯಾರು?

ಯೋಚಿಸುವವನು ಒಬ್ಬನಿದ್ದಾನೆ, ಆ ಕುದುರೆಯ ಯಜಮಾನ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯ ಕಾಲದ ಜಟಕಾ ಕಸುಬನ್ನು ಸಾರೋಟಿಗೆ ತಿರುಗಿಸಿಕೊಂಡು ನಾಲ್ಕು ಕುದುರೆ ಇಟ್ಟಿದ್ದಾನೆ. ಈಚೆಗೆ ದಾರಿಯಲ್ಲಿ ಸಿಕ್ಕವನು, "ಮೇಷ್ಟ್ರೇ, ಎರಡು ತಿಂಗಳಿಗೊಂದು ಸಲ ತಪ್ಪದೆ ಜಂತಿನ ಪೇಸ್ಟು ಹಾಕ್ತಾ ಇದೀನಿ. ಆದ್ರೂ ಒಂದು ಕುದುರೆ ಬಾಲ ಉಜ್ಜೋದು ಬಿಟ್ಟಿಲ್ಲ, ಇನ್ನೊಂದಕ್ಕೆ ಮೈ ಹಿಡೀತಾ ಇಲ್ಲ. ಮದ್ದು ಬದಲಾಯಿಸ್ಲಾ, ಇಲ್ಲ ತಿಂಗಳಿಗೊಂದು ಸಲ ಹಾಕ್ಲಾ?" ಎಂದು ಕೇಳಿದ. ನಾನು ಪಶುವೈದ್ಯನಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಚಿಕಿತ್ಸೆ ವೈದ್ಯರೇ ಹೇಳಬೇಕು. ಆದರೆ ಅವನ ಪ್ರಶ್ನೆಯ ಒಳಗೆ ಜೀವಶಾಸ್ತ್ರದ ಒಂದು ದೊಡ್ಡ ಪಾಠವೇ ಅಡಗಿದೆ. ಈ ವಾರ ಅದನ್ನೇ ನೋಡೋಣ.

ಮೊದಲು ಒಂದು ಲೆಕ್ಕ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಕುದುರೆ ಮತ್ತು ತಟ್ಟುಗಳಿದ್ದವು. 2019ರ ಗಣತಿಯ ಹೊತ್ತಿಗೆ ಅವು ಮೂರೂವರೆ ಲಕ್ಷದ ಆಸುಪಾಸಿಗೆ ಇಳಿದವು. ಏಳು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾಯ. ಉಳಿದವುಗಳಲ್ಲಿ ರೇಸಿನ ಕುದುರೆಗೆ ಸ್ವಂತ ವೈದ್ಯರಿದ್ದಾರೆ, ಮೈಸೂರಿನ ಅಶ್ವಾರೋಹಿ ಪೊಲೀಸರ ಕುದುರೆಗೆ ಸರ್ಕಾರವಿದೆ. ಸಾರೋಟಿನ ಕುದುರೆಗೆ ಯಜಮಾನನ ಜೇಬು ಒಂದೇ. ಲಗ್ನದ ಮುಂಚೆ ಅದು ಹೊಟ್ಟೆಶೂಲೆ ಬಂದು ಮಲಗಿದರೆ ಒಂದು ಕುಟುಂಬದ ವರ್ಷದ ಸಂಪಾದನೆ ಮಲಗಿತೆಂದೇ ಅರ್ಥ.

ಕುದುರೆ ವೈದ್ಯ ನಮ್ಮ ನಾಡಿಗೆ ಹೊಸದೇನಲ್ಲ. ಕನ್ನಡದಲ್ಲಿ ಅಭಿನವಚಂದ್ರನ 'ಅಶ್ವವೈದ್ಯ' ಇದೆ; ಹಸುಗಳಿಗಾಗಿ ಕೀರ್ತಿವರ್ಮ ಬರೆದ 'ಗೋವೈದ್ಯ' ಅದಕ್ಕಿಂತ ಹಳೆಯದು. ವಿಜಯನಗರದ ಅರಸರು ಅರಬ್ ದೇಶಗಳಿಂದ ಸಮುದ್ರದ ಮೇಲೆ ಕುದುರೆ ತರಿಸುತ್ತಿದ್ದರು. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸವಾರರೂ ಇದ್ದರು. ಇಂಥ ನಾಡಿನಲ್ಲಿ ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಇಟ್ಟು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತಿಂದ ಹುರುಳಿ ಕುದುರೆಗೆ ಸೇರಬೇಕೋ, ಅದರ ಹೊಟ್ಟೆಯ ಹುಳುವಿಗೆ ಸೇರಬೇಕೋ ಎಂಬುದೇ ಇಲ್ಲಿನ ಪ್ರಶ್ನೆ.

ಹೊಟ್ಟೆಯೊಳಗಿನ ಬಾಡಿಗೆದಾರರು

ಕುದುರೆಯ ಜಂತುಗಳೆಲ್ಲ ಒಂದೇ ಜಾತಿಯವಲ್ಲ. ಮುಖ್ಯವಾದ ಕೆಲವನ್ನು ಗುರುತು ಮಾಡಿಕೊಳ್ಳೋಣ. ಮೊದಲನೆಯದು ಸ್ಟ್ರಾಂಗೈಲ್ ಗುಂಪು. ಇದರಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆ. ದೊಡ್ಡದರಲ್ಲಿ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬುದು ಮಹಾ ಪುಂಡ. ಅದರ ಮರಿಹುಳುಗಳು ಕರುಳಿಗೆ ರಕ್ತ ಒಯ್ಯುವ ಮುಖ್ಯ ರಕ್ತನಾಳದೊಳಗೇ ನುಗ್ಗಿ ತಿಂಗಳುಗಟ್ಟಲೆ ಅಲ್ಲಿ ಇರುತ್ತವೆ. ನಾಳದ ಗೋಡೆ ಊದಿಕೊಂಡು, ರಕ್ತ ಹೆಪ್ಪುಗಟ್ಟಿ, ಕರುಳಿನ ಒಂದು ಭಾಗಕ್ಕೆ ರಕ್ತವೇ ನಿಂತುಹೋಗಬಹುದು. ಮಾರಕ ಹೊಟ್ಟೆಶೂಲೆಗೆ ಇದೂ ಒಂದು ಕಾರಣ.

ಸಣ್ಣ ಸ್ಟ್ರಾಂಗೈಲ್‌ಗಳು ಹೆಚ್ಚುಕಡಿಮೆ ಹುಲ್ಲು ಮೇಯುವ ಎಲ್ಲ ಕುದುರೆಗಳಲ್ಲೂ ಇರುತ್ತವೆ. ಕೆಲವೇ ಇದ್ದರೆ ಅವುಗಳಿಂದ ತೊಂದರೆಯಿಲ್ಲ. ಆದರೆ ಇವುಗಳ ಮರಿಹುಳುಗಳು ದೊಡ್ಡ ಕರುಳಿನ ಗೋಡೆಯಲ್ಲಿ ಚೀಲ ಕಟ್ಟಿಕೊಂಡು ತಿಂಗಳುಗಟ್ಟಲೆ ನಿದ್ದೆ ಮಾಡಬಲ್ಲವು. ಲಕ್ಷಗಟ್ಟಲೆ ಮರಿಗಳು ಒಂದೇ ಸಲ ಎದ್ದು ಗೋಡೆ ಸೀಳಿ ಹೊರಬಂದರೆ ಕುದುರೆಗೆ ಭಾರಿ ಭೇದಿಯಾಗಿ ಮೈ ಇಳಿಯುತ್ತದೆ, ಸಾಯುವುದೂ ಉಂಟು. ನಿದ್ದೆಯಲ್ಲಿರುವ ಈ ಮರಿಗಳು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಲದ್ದಿ ಪರೀಕ್ಷೆಯಲ್ಲಿ ಅವು ಕಾಣುವುದಿಲ್ಲ. ಈ ಮಾತು ನೆನಪಿರಲಿ.

ಮೂರನೆಯದು ಪ್ಯಾರಾಸ್ಕಾರಿಸ್, ಅಂದರೆ ದುಂಡುಹುಳು. ಇದು ಮುಖ್ಯವಾಗಿ ಒಂದು ವರ್ಷದೊಳಗಿನ ಮರಿಗಳ ಕಾಟ. ಮರಿಹುಳುಗಳು ಕರುಳಿನಿಂದ ಹೊರಟು ಯಕೃತ್ತು, ಶ್ವಾಸಕೋಶಗಳ ಪ್ರವಾಸ ಮುಗಿಸಿ, ಕೆಮ್ಮಿನ ಜೊತೆ ಗಂಟಲಿಗೆ ಬಂದು, ನುಂಗಿಸಿಕೊಂಡು ಮತ್ತೆ ಸಣ್ಣ ಕರುಳಿಗೆ ಸೇರುತ್ತವೆ. ದೊಡ್ಡವಾದಾಗ ಪೆನ್ಸಿಲ್ಲಿಗಿಂತ ಉದ್ದವಾಗುತ್ತವೆ. ಇವುಗಳ ಮೊಟ್ಟೆಯ ಚಿಪ್ಪು ಬಹಳ ಗಟ್ಟಿ. ಲಾಯದ ನೆಲದಲ್ಲಿ ವರ್ಷಗಟ್ಟಲೆ ಜೀವಂತವಿರುತ್ತವೆ. ಕುದುರೆ ಬೆಳೆದಂತೆ ಅದರ ದೇಹವೇ ಈ ಹುಳುವಿಗೆ ಬಾಗಿಲು ಮುಚ್ಚುತ್ತದೆ.

ಇನ್ನು ಲಾಡಿಹುಳು. ಇದು ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮೂಲಕ ಕುದುರೆಗೆ ಬರುತ್ತದೆ. ಬಾಟ್ ಎಂಬುದು ಹುಳುವೇ ಅಲ್ಲ, ಒಂದು ನೊಣದ ಮರಿ. ತಾಯಿ ನೊಣ ಕುದುರೆಯ ಮುಂಗಾಲಿನ ಕೂದಲಿಗೆ ಹಳದಿ ಚುಕ್ಕಿಯಂಥ ಮೊಟ್ಟೆ ಅಂಟಿಸುತ್ತದೆ. ಕುದುರೆ ಕಾಲು ನೆಕ್ಕಿದಾಗ ಅವು ಬಾಯಿಗೆ ಹೋಗಿ ಕೊನೆಗೆ ಹೊಟ್ಟೆಯ ಗೋಡೆಗೆ ಕಚ್ಚಿಕೊಳ್ಳುತ್ತವೆ. ದಿನವೂ ಮೈ ಉಜ್ಜುವಾಗ ಆ ಚುಕ್ಕಿಗಳನ್ನು ಕೆರೆದು ತೆಗೆದರೆ ಅರ್ಧ ಕೆಲಸ ಮುಗಿಯಿತು.

ಕೊನೆಗೆ ನಮ್ಮ ವಿದ್ಯಾರ್ಥಿಯ ಕುದುರೆ ಬಾಲ ಉಜ್ಜುವ ವಿಚಾರ. ಇದಕ್ಕೆ ಹೇನು, ಕೀಟ ಕಚ್ಚಿದ ಅಲರ್ಜಿ ಮೊದಲಾದ ಕಾರಣಗಳೂ ಇರಬಹುದು. ಹುಳುವೇ ಕಾರಣವಾದರೆ ಅದು ಆಕ್ಸಿಯೂರಿಸ್ ಎಂಬ ಸೂಜಿಬಾಲದ ಹುಳು. ಹೆಣ್ಣು ಹುಳು ಗುದದ್ವಾರದ ಹೊರಗೆ ಬಂದು ಅಂಟಿನೊಂದಿಗೆ ಮೊಟ್ಟೆ ಬಳಿದು ಹೋಗುತ್ತದೆ. ಅಂಟು ಒಣಗಿದಾಗ ವಿಪರೀತ ತುರಿಕೆ. ಶಾಲೆಯ ಸಣ್ಣ ಮಕ್ಕಳಿಗೆ ರಾತ್ರಿ ತುರಿಕೆ ತರುವ ದಾರದಂಥ ಹುಳುವಿನ ನೆಂಟನೇ ಇದು. ಇದರ ಮೊಟ್ಟೆ ಲದ್ದಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಾಲದ ಕೆಳಗಿನ ಚರ್ಮಕ್ಕೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪೇಸ್ಟಿಗೆ ಇದು ಬಗ್ಗದಿರುವ ವರದಿಗಳು ಹೊರದೇಶಗಳಿಂದ ಬಂದಿವೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಆ ಜಾಗವನ್ನು ದಿನವೂ ಒರೆಸಿ, ಆ ಬಟ್ಟೆಯನ್ನು ಸುಟ್ಟುಬಿಡುವುದು ಒಳ್ಳೆಯದು.

ಎರಡು ತಿಂಗಳ ಲೆಕ್ಕ ಬಂದದ್ದೆಲ್ಲಿಂದ?

"ಎರಡು ತಿಂಗಳಿಗೊಮ್ಮೆ" ಎಂಬ ನಿಯಮ ಗಾಳಿಯಲ್ಲಿ ಹುಟ್ಟಿದ್ದಲ್ಲ. 1966ರಲ್ಲಿ ಅಮೆರಿಕದ ಕೆಂಟಕಿಯ ಡ್ರಡ್ಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಇದನ್ನು ಸೂಚಿಸಿದರು. ಆಗ ಎಲ್ಲರ ಭಯವೂ ರಕ್ತನಾಳಕ್ಕೆ ನುಗ್ಗುವ ದೊಡ್ಡ ಸ್ಟ್ರಾಂಗೈಲ್ ಮೇಲೆ. ಆಗಿನ ಹೊಸ ಮದ್ದು ಕರುಳಿನ ದೊಡ್ಡ ಹುಳುಗಳನ್ನು ಮಾತ್ರ ಕೊಲ್ಲುತ್ತಿತ್ತು. ಮದ್ದು ಹಾಕಿದ ಸುಮಾರು ಎಂಟು ವಾರಕ್ಕೆ ಲದ್ದಿಯಲ್ಲಿ ಮೊಟ್ಟೆ ಮತ್ತೆ ಕಾಣುತ್ತಿತ್ತು. ಆದ್ದರಿಂದ ಎಂಟು ವಾರಕ್ಕೊಮ್ಮೆ ಹಾಕಿ, ಹುಲ್ಲುಗಾವಲಿಗೆ ಮೊಟ್ಟೆ ಬೀಳದಂತೆ ತಡೆಯಿರಿ ಎಂದರು. ಆ ಕಾಲಕ್ಕೆ ಅದು ಸರಿಯಾದ ಉಪಾಯ. ದೊಡ್ಡ ಸ್ಟ್ರಾಂಗೈಲ್ ಅನೇಕ ದೇಶಗಳಲ್ಲಿ ಅಪರೂಪವೇ ಆಯಿತು.

ಶತ್ರು ಹೋದ ಮೇಲೂ ಕೋವಿ ಹಾರಿಸುತ್ತಲೇ ಇದ್ದರೆ ಏನಾಗುತ್ತದೆ? ಅದೇ ಆಯಿತು. ಸಣ್ಣ ಸ್ಟ್ರಾಂಗೈಲ್‌ಗಳು ಮದ್ದಿಗೆ ಒಗ್ಗಿಕೊಂಡವು. ಇಲ್ಲಿ "ಒಗ್ಗಿಕೊಂಡವು" ಎನ್ನುವಾಗ ಎಚ್ಚರ ಬೇಕು. ಒಂದು ಹುಳು ಮದ್ದು ತಿಂದು ತಿಂದು ಗಟ್ಟಿಯಾಗುವುದಿಲ್ಲ. ಹತ್ತನೇ ತರಗತಿಯಲ್ಲಿ ಡಾರ್ವಿನ್ನನ ಪಾಠ ಓದಿದವರಿಗೆ ಇದು ಗೊತ್ತು.

ಒಂದು ಲೆಕ್ಕ ಮಾಡಿ. ಕುದುರೆಯಲ್ಲಿ 10,000 ಹುಳುಗಳಿವೆ, ಅವುಗಳಲ್ಲಿ ಹತ್ತಕ್ಕೆ ಮಾತ್ರ ಹುಟ್ಟಿನಿಂದಲೇ ಮದ್ದು ತಡೆಯುವ ಗುಣವಿದೆ ಎಂದಿಟ್ಟುಕೊಳ್ಳಿ. ಮದ್ದು ಹಾಕಿದಿರಿ, 9,990 ಸತ್ತವು. ಕುದುರೆ ಚೇತರಿಸಿಕೊಂಡಿತು, ನಿಮಗೂ ಸಂತೋಷ. ಆದರೆ ಮುಂದಿನ ಕೆಲವು ವಾರ ಆ ಕುದುರೆಯ ಲದ್ದಿಯಲ್ಲಿ ಬೀಳುವ ಮೊಟ್ಟೆಗಳೆಲ್ಲ ಆ ಹತ್ತರ ಸಂತಾನವೇ. ಹುಲ್ಲಿನಲ್ಲಿ ಮದ್ದು ಸೋಕದ ಸಾವಿರಾರು ಮರಿಹುಳುಗಳಿದ್ದರೆ ಈ ಹತ್ತರ ಸಂತಾನ ಅವುಗಳ ನಡುವೆ ಕರಗಿಹೋಗುತ್ತದೆ. ಎಲ್ಲ ಕುದುರೆಗೂ ಒಂದೇ ದಿನ, ಪದೇ ಪದೇ ಮದ್ದು ಹಾಕಿದರೆ ಬೆರೆಯಲು ಸಾಧು ಹುಳುಗಳೇ ಉಳಿಯುವುದಿಲ್ಲ. ಉಳಿದದ್ದು ಪುಂಡರ ಊರು.

ಹೀಗೆ ಮದ್ದು ಸೋಕದೆ ಉಳಿದ ಹುಳುಗಳ ಗುಂಪಿಗೆ ವಿಜ್ಞಾನಿಗಳು 'ಆಸರೆ ಪಡೆದವು' ಎಂಬರ್ಥದ ಹೆಸರು ಇಟ್ಟಿದ್ದಾರೆ. ಕೇಳಲು ವಿಚಿತ್ರವಾದರೂ ಇದೇ ಈ ವಿದ್ಯೆಯ ತಿರುಳು: ಮದ್ದಿನ ಶಕ್ತಿ ಉಳಿಯಬೇಕಾದರೆ ಕೆಲವು ಹುಳುಗಳನ್ನು ಬೇಕೆಂದೇ ಬಿಡಬೇಕು.

ಮೂರೇ ಮನೆತನ

ಅಂಗಡಿಯಲ್ಲಿ ಹತ್ತಾರು ಹೆಸರಿನ ಮದ್ದುಗಳಿರುತ್ತವೆ. ಅವುಗಳ ಮನೆತನ ಮೂರೇ. ಒಂದು, ಬೆಂಜಿಮಿಡಜೋಲ್: ಫೆನ್‌ಬೆಂಡಜೋಲ್ ಮೊದಲಾದವು. ನಮ್ಮ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಸಹ ಇದೇ ವಂಶ. ಇವು ಹುಳುವಿನ ಜೀವಕೋಶದ ಒಳಗಿನ ಸಣ್ಣ ಕೊಳವೆಗಳ ಜೋಡಣೆಯನ್ನೇ ಕೆಡಿಸಿ, ಮೆಲ್ಲಗೆ ಹಸಿವಿನಿಂದ ಸಾಯಿಸುತ್ತವೆ. ಎರಡು, ಪೈರಾಂಟೆಲ್: ಹುಳುವಿನ ಸ್ನಾಯುಗಳು ಸೆಟೆದು ನಿಲ್ಲುವಂತೆ ಮಾಡುತ್ತದೆ. ಮೂರು, ಐವರ್‌ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್: ಹುಳುವಿನ ನರ ಮತ್ತು ಸ್ನಾಯುಗಳನ್ನು ನಿಶ್ಚೇಷ್ಟಿತಗೊಳಿಸುತ್ತವೆ. ಇವುಗಳ ಜೊತೆಗೆ ಲಾಡಿಹುಳುವಿಗೆಂದೇ ಪ್ರಾಜಿಕ್ವಾಂಟೆಲ್ ಇದೆ.

ಐವರ್‌ಮೆಕ್ಟಿನ್ನಿನ ಕಥೆ ಸ್ವಾರಸ್ಯವಾಗಿದೆ. ಜಪಾನಿನ ಸತೋಶಿ ಒಮುರಾ ಗಾಲ್ಫ್ ಮೈದಾನವೊಂದರ ಹತ್ತಿರದ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅದರ ರಸ ಇಲಿಯ ಹುಳುಗಳನ್ನು ಕೊಲ್ಲುವುದನ್ನು ಕಂಡರು. 1981ರಲ್ಲಿ ಅದು ಪ್ರಾಣಿಗಳ ಮದ್ದಾಗಿ ಮಾರುಕಟ್ಟೆಗೆ ಬಂತು. ಮುಂದೆ ಆಫ್ರಿಕದ ನದಿಕುರುಡಿಗೂ, ಆನೆಕಾಲು ರೋಗಕ್ಕೂ ಅದೇ ಆಧಾರವಾಯಿತು. 2015ರಲ್ಲಿ ಈ ಇಬ್ಬರೂ ನೊಬೆಲ್ ಬಹುಮಾನ ಹಂಚಿಕೊಂಡರು. ಒಂದು ಹಿಡಿ ಮಣ್ಣಿನಿಂದ ಬಂದ ಸೊತ್ತು ಇದು. ನಾವು ಅದನ್ನು ಮಣ್ಣುಪಾಲು ಮಾಡಬಾರದು.

ಮಾಡುತ್ತಿದ್ದೇವೆ ಎಂಬುದಕ್ಕೆ ಲಕ್ಷಣಗಳಿವೆ. ಬೆಂಜಿಮಿಡಜೋಲ್ ಮದ್ದುಗಳಿಗೆ ಸಣ್ಣ ಸ್ಟ್ರಾಂಗೈಲ್‌ಗಳು ಬಗ್ಗದಿರುವುದು ಲೋಕದ ಎಲ್ಲ ಕಡೆ ಕಂಡಿದೆ. ಮರಿಗಳ ದುಂಡುಹುಳು ಐವರ್‌ಮೆಕ್ಟಿನ್ನಿಗೆ ಬಗ್ಗದಿರುವುದೂ ಅನೇಕ ದೇಶಗಳಲ್ಲಿ ಸಾಮಾನ್ಯ. ಐರ್ಲೆಂಡಿನಿಂದ ಅಮೆರಿಕಕ್ಕೆ ತಂದ ರೇಸ್ ತಳಿಯ ಎಳೆಯ ಕುದುರೆಗಳಲ್ಲಿ ಸಣ್ಣ ಸ್ಟ್ರಾಂಗೈಲ್‌ಗಳೂ ಐವರ್‌ಮೆಕ್ಟಿನ್ನಿಗೆ ಬಗ್ಗಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಕುದುರೆ ವಿಮಾನ ಹತ್ತಿದರೆ ಅದರ ಹುಳುವೂ ಟಿಕೆಟ್ಟಿಲ್ಲದೆ ಹತ್ತುತ್ತದೆ. ಈ ಮೂರು ಮನೆತನ ಮುಗಿದರೆ ಕುದುರೆಗೆಂದು ನಾಲ್ಕನೆಯದು ಅಂಗಡಿಯಲ್ಲಿ ಕಾದು ಕುಳಿತಿಲ್ಲ.

ಆದ್ದರಿಂದ "ಮದ್ದು ಬದಲಾಯಿಸ್ಲಾ?" ಎಂಬ ಪ್ರಶ್ನೆಗೆ ಉತ್ತರ: ಡಬ್ಬಿಯ ಮೇಲಿನ ಹೆಸರು ಬದಲಾಯಿಸಿದರೆ ಪ್ರಯೋಜನವಿಲ್ಲ. ಫೆನ್‌ಬೆಂಡಜೋಲ್ ಬಿಟ್ಟು ಆಲ್ಬೆಂಡಜೋಲ್ ತಂದರೆ ಅಣ್ಣನನ್ನು ಕಳಿಸಿ ತಮ್ಮನನ್ನು ಕರೆದಂತೆ. ಮನೆತನವನ್ನೇ ಸಲಸಲಕ್ಕೆ ಬದಲಾಯಿಸಿದರೂ, ಕೆಲಸ ಮಾಡದ ಮದ್ದಿನ ಸರದಿ ಬಂದಾಗ ಆ ಎರಡು ತಿಂಗಳು ವ್ಯರ್ಥ. ಯಾವ ಮದ್ದು ನಿಮ್ಮ ಲಾಯದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ತಿಳಿಯುವ ದಾರಿ ಲದ್ದಿ.

ಉಪ್ಪುನೀರಿನ ಪರೀಕ್ಷೆ

ಉಪ್ಪು ಬೆರೆಸಿದ ನೀರಿನಲ್ಲಿ ಕೋಳಿಮೊಟ್ಟೆ ತೇಲುವುದನ್ನು ಎಲ್ಲ ಶಾಲೆಗಳಲ್ಲೂ ತೋರಿಸುತ್ತೇವೆ. ಲದ್ದಿಯ ಪರೀಕ್ಷೆಯೂ ಅದೇ ತತ್ತ್ವ. ಉಪ್ಪು ಕರಗುವಷ್ಟೂ ಕರಗಿಸಿದ ನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.2. ಸ್ಟ್ರಾಂಗೈಲ್ ಮೊಟ್ಟೆ ಅದಕ್ಕಿಂತ ಹಗುರ. ಆದ್ದರಿಂದ ತೇಲುತ್ತದೆ, ಕಸ ತಳ ಸೇರುತ್ತದೆ. 4 ಗ್ರಾಂ ಹೊಸ ಲದ್ದಿಯನ್ನು 56 ಮಿಲಿಲೀಟರ್ ಉಪ್ಪುನೀರಿನಲ್ಲಿ ಕದಡಿ ಸೋಸುತ್ತಾರೆ. ಮೆಕ್‌ಮಾಸ್ಟರ್ ಗಾಜು ಎಂಬ, ಗೆರೆ ಹಾಕಿದ ಎರಡು ಕೋಣೆಗಳ ಗಾಜಿನ ತಟ್ಟೆಗೆ ಅದನ್ನು ತುಂಬುತ್ತಾರೆ. ಎರಡೂ ಕೋಣೆಯ ಗೆರೆಗಳ ಕೆಳಗೆ ಸೇರಿ 0.3 ಮಿಲಿಲೀಟರ್ ದ್ರವವಿರುತ್ತದೆ. ಅದರಲ್ಲಿರುವ ಲದ್ದಿ ಒಂದು ಗ್ರಾಮಿನ 50ನೇ ಒಂದು ಭಾಗ. ಎಣಿಸಿದ ಮೊಟ್ಟೆಗಳನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಎಂಬ ಲೆಕ್ಕ ಸಿಕ್ಕಿತು. ಪಶುವೈದ್ಯರ ಪ್ರಯೋಗಾಲಯಗಳಿಗೆ ಇದು ದಿನನಿತ್ಯದ ಕೆಲಸ. ನಮ್ಮ ಕಡೆಯವರಿಗೆ ಗೊರಗುಂಟೆಪಾಳ್ಯದಿಂದ ರಿಂಗ್ ರೋಡಿನಲ್ಲೇ ನೇರ ಹೋದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ, 1958ರಿಂದ ಅಲ್ಲಿದೆ.

ದೊಡ್ಡ ಕುದುರೆಗಳಲ್ಲಿ ಗ್ರಾಮಿಗೆ 200ರ ಒಳಗಿದ್ದರೆ ಕಡಿಮೆ, 200ರಿಂದ 500 ಮಧ್ಯಮ, 500 ಮೀರಿದರೆ ಹೆಚ್ಚು ಎಂದು ವಾಡಿಕೆ. ಇಲ್ಲಿ ಪ್ರಕೃತಿಯ ಒಂದು ವಿಶೇಷ ನೋಡಿ. ಹತ್ತು ಕುದುರೆಗಳಿದ್ದರೆ ಬೀಳುವ ಮೊಟ್ಟೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಎರಡೋ ಮೂರೋ ಕುದುರೆಗಳದ್ದೇ ಆಗಿರುತ್ತದೆ. ಅದೂ ಸಾಮಾನ್ಯವಾಗಿ ವರ್ಷ ವರ್ಷವೂ ಅದೇ ಕುದುರೆಗಳು. ಉಳಿದವು ತಮ್ಮ ದೇಹಶಕ್ತಿಯಿಂದಲೇ ಹುಳುವನ್ನು ಹಿಡಿತದಲ್ಲಿಟ್ಟಿರುತ್ತವೆ. ಆ ಎರಡು ಮೂರನ್ನು ಗುರುತಿಸಿ ಮದ್ದು ಹಾಕಿದರೆ ಖರ್ಚೂ ಉಳಿಯಿತು, ಸಾಧು ಹುಳುಗಳೂ ಉಳಿದವು.

ಎರಡನೆಯ ಪರೀಕ್ಷೆ ಮದ್ದಿನದು. ಮದ್ದು ಹಾಕುವ ದಿನ ಒಮ್ಮೆ, ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಎಣಿಸಬೇಕು. 600 ಇದ್ದದ್ದು ಸೊನ್ನೆಗೆ ಇಳಿದರೆ ಸರಿ. 240ಕ್ಕೆ ಮಾತ್ರ ಇಳಿದರೆ ಕಡಿಮೆಯಾದದ್ದು ನೂರಕ್ಕೆ 60. ಆ ಮದ್ದು ಅಲ್ಲಿ ಸೋತಿದೆ ಎಂಬ ಗುಮಾನಿ ಬಲವಾಗುತ್ತದೆ. ಒಂದೇ ಕುದುರೆಯಿಂದ ತೀರ್ಮಾನಿಸದೆ ಲಾಯದ ಕೆಲವು ಕುದುರೆಗಳ ಸರಾಸರಿ ನೋಡಬೇಕು. ನಮ್ಮ ವಿದ್ಯಾರ್ಥಿಗೆ ಮೈ ಹಿಡಿಯದ ಕುದುರೆಯ ವಿಚಾರದಲ್ಲೂ ಇದೇ ಮೊದಲ ಹೆಜ್ಜೆ. ಮೊಟ್ಟೆ ಕಡಿಮೆ ಇದ್ದರೆ ಹಲ್ಲು ನೋಡಿಸಬೇಕು, ಮೇವಿನ ಅಳತೆ ನೋಡಬೇಕು, ಬೇರೆ ಕಾಯಿಲೆ ಇದೆಯೇ ನೋಡಬೇಕು. ಎಲ್ಲ ಬಡಕಲಿಗೂ ಹುಳುವೇ ಕಾರಣವಲ್ಲ.

ತೂಕ ತಪ್ಪಿದರೆ ಲೆಕ್ಕ ತಪ್ಪಿತು

ಕಣ್ಣಂದಾಜಿನ ತೂಕ ಮೋಸ ಮಾಡುತ್ತದೆ. ಲಾರಿ ತೂಗುವ ವೇಬ್ರಿಡ್ಜ್‌ಗೆ ಕುದುರೆ ಒಯ್ಯುವುದು ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದ ತೂಕ. ಸುತ್ತಳತೆ 140, ಉದ್ದ 125 ಇರುವ ತಟ್ಟು ಸುಮಾರು 206 ಕಿಲೋ ತೂಗುತ್ತದೆ. ಐವರ್‌ಮೆಕ್ಟಿನ್ ಪ್ರಮಾಣ ಕಿಲೋಗೆ 0.2 ಮಿಲಿಗ್ರಾಂ, ಅಂದರೆ 41 ಮಿಲಿಗ್ರಾಂ ಬೇಕು. "ಸಣ್ಣ ಕುದುರೆ, ನೂರೈವತ್ತು ಕಿಲೋ ಇರಬಹುದು" ಎಂದು 30 ಮಿಲಿಗ್ರಾಂ ಕೊಟ್ಟರೆ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ಅರೆಬರೆ ಗಟ್ಟಿಯಾದ ಹುಳುಗಳಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಶಾಲೆ ಬೇಕೆ?

ಒಂದು ಪೇಸ್ಟನ್ನು ಎರಡು ಕುದುರೆಗೆ ಹಂಚುವುದು, ದನದ ಇಂಜೆಕ್ಷನ್ನನ್ನೇ ಕುದುರೆಗೆ ಚುಚ್ಚುವುದು ನಡೆಯುತ್ತಿದೆ. ಕುದುರೆಗೆ ಬಾಯಿಯ ಮೂಲಕ ಕೊಡುವ, ಕುದುರೆಗೆಂದೇ ಮಾಡಿದ ಮದ್ದೇ ಕ್ಷೇಮ. ಚುಚ್ಚಿದ ಜಾಗದಲ್ಲಿ ಕೀವಾಗಿ ಪ್ರಾಣಾಪಾಯವಾದ ಉದಾಹರಣೆಗಳು ಉಂಟು. ಮಾಕ್ಸಿಡೆಕ್ಟಿನ್ ಪ್ರಮಾಣ ಮೀರಿದರೆ ಎಳೆಯ ಮರಿಗೂ ಬಡಕಲು ಕುದುರೆಗೂ ಅಪಾಯ. ಉಳಿದ ಪೇಸ್ಟನ್ನು ಬೀದಿಗೆ ಎಸೆಯಬೇಡಿ, ನಾಯಿಗಳು ನೆಕ್ಕುತ್ತವೆ. ಮನುಷ್ಯರು ನೆಕ್ಕುವುದಂತೂ ಬೇಡವೇ ಬೇಡ. 2021ರಲ್ಲಿ ಕೊರೊನಾಕ್ಕೆಂದು ಅಮೆರಿಕದಲ್ಲಿ ಕೆಲವರು ಕುದುರೆಯ ಪೇಸ್ಟು ತಿಂದು ಆಸ್ಪತ್ರೆ ಸೇರಿದ್ದರು.

ನಮ್ಮ ಮಳೆ, ನಮ್ಮ ಪಟ್ಟಿ

ಮದ್ದಿನ ಡಬ್ಬಿಯ ಜೊತೆ ಬರುವ ಪಟ್ಟಿಗಳು ಬಹಳ ಸಲ ಇಂಗ್ಲೆಂಡ್, ಅಮೆರಿಕಗಳ ಋತುಮಾನಕ್ಕೆ ಬರೆದವು. ಅಲ್ಲಿ ಹಿಮ, ಇಲ್ಲಿ ಬಿಸಿಲು. ಲದ್ದಿಯಲ್ಲಿ ಬಿದ್ದ ಮೊಟ್ಟೆ ಒಡೆದು ಸೋಂಕುವ ಮರಿಹುಳುವಾಗಲು ತೇವ ಮತ್ತು 25ರಿಂದ 30 ಡಿಗ್ರಿ ಬಿಸಿ ಸಿಕ್ಕರೆ ಒಂದು ವಾರ ಸಾಕು. ಮಳೆಹನಿ ಲದ್ದಿಯನ್ನು ಒಡೆದು ಹರಡುತ್ತದೆ. ಮರಿಹುಳು ಇಬ್ಬನಿಯ ಪದರದಲ್ಲಿ ಹುಲ್ಲಿನ ತುದಿಗೆ ಏರುತ್ತದೆ. ಆದರೆ ಈ ಹಂತದಲ್ಲಿ ಅದಕ್ಕೆ ಬಾಯಿ ಮುಚ್ಚಿದ ಚೀಲವೊಂದಿದ್ದು ಏನೂ ತಿನ್ನಲಾಗದು, ಕೂಡಿಟ್ಟ ಶಕ್ತಿಯಿಂದಲೇ ಬದುಕಬೇಕು. ಸೆಕೆ ಹೆಚ್ಚಿದಷ್ಟೂ ಆ ಗಂಟು ಬೇಗ ಕರಗುತ್ತದೆ. ಆದ್ದರಿಂದ ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲು ಪುಕ್ಕಟೆ ಸಿಗುವ ಜಂತುನಾಶಕ.

ಈ ತತ್ತ್ವದ ಮೇಲೆ ಬೆಂಗಳೂರು ಕಡೆಯ ದೊಡ್ಡ ಕುದುರೆಗಳಿಗೆ ಹೀಗೊಂದು ಚೌಕಟ್ಟು ಹಾಕಿಕೊಂಡು, ವೈದ್ಯರ ಜೊತೆ ಕೂತು ತಿದ್ದಿಕೊಳ್ಳಬಹುದು. ಮಳೆ ಹಿಡಿದ ಕೆಲವು ವಾರಕ್ಕೆ, ಅಂದರೆ ಜೂನ್ ಕೊನೆ ಅಥವಾ ಜುಲೈಯಲ್ಲಿ, ಎಲ್ಲ ಕುದುರೆಗಳ ಲದ್ದಿ ಪರೀಕ್ಷೆ. ಎಣಿಕೆ ಹೆಚ್ಚಿದ್ದವಕ್ಕೆ ಮಾತ್ರ ಮದ್ದು. ಬೆಂಗಳೂರಿಗೆ ಮಳೆ ಜೋರಾಗಿ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ, ಅದೇ ನಿಯಮ. ಮಳೆ ಮುಗಿದ ಮೇಲೆ ಡಿಸೆಂಬರ್ ಹೊತ್ತಿಗೆ ಎಣಿಕೆ ಏನೇ ಇರಲಿ, ಎಲ್ಲಕ್ಕೂ ಒಂದು ಸಲ ಐವರ್‌ಮೆಕ್ಟಿನ್ ಅಥವಾ ಮಾಕ್ಸಿಡೆಕ್ಟಿನ್, ಜೊತೆಗೆ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಲದ್ದಿಯಲ್ಲಿ ಕಾಣದೆ ರಕ್ತನಾಳದಲ್ಲಿ ಅಡಗುವ ದೊಡ್ಡ ಸ್ಟ್ರಾಂಗೈಲ್ ಮರಿಗಳಿಗೆ, ಬಾಟ್‌ಗಳಿಗೆ ಇದೇ ಮದ್ದು. ಗೋಡೆಯಲ್ಲಿ ನಿದ್ದೆ ಹೊಡೆಯುವ ಸಣ್ಣವುಗಳ ಮೇಲೆ ಮಾಕ್ಸಿಡೆಕ್ಟಿನ್ ಮೇಲು. ಕಡುಬೇಸಗೆಯಲ್ಲಿ ಕಾಯಿಲೆ ಇಲ್ಲದ ಕುದುರೆಗಳಿಗೆ ಸಾಮೂಹಿಕವಾಗಿ ಹಾಕಬಾರದು. ಹೊರಗೆ ಹುಲ್ಲಿನಲ್ಲಿ ಹುಳುವೇ ಇಲ್ಲದಾಗ ಹೊಟ್ಟೆಯಲ್ಲಿ ಉಳಿದ ಗಟ್ಟಿ ಹುಳುಗಳೇ ಮುಂದಿನ ಮಳೆಗಾಲದ ಬೀಜವಾಗುತ್ತವೆ.

ಮರಿಗಳ ಮಾತು ಬೇರೆ. ಎರಡು ಮೂರು ತಿಂಗಳಿಗೆ ಮೊದಲ ಮದ್ದು, ಹಾಲು ಬಿಡಿಸುವ ಹೊತ್ತಿಗೆ ಪರೀಕ್ಷೆಯ ಜೊತೆ ಎರಡನೆಯದು, ಆಮೇಲೆ ಒಂಬತ್ತು ಮತ್ತು ಹನ್ನೆರಡು ತಿಂಗಳ ಸುಮಾರಿಗೆ ಮತ್ತೆರಡು. ಮೊದಲ ಸಲ ಬೆಂಜಿಮಿಡಜೋಲ್ ಒಳ್ಳೆಯದು. ಹೊಟ್ಟೆ ತುಂಬ ದುಂಡುಹುಳು ಇರುವ ಮರಿಗೆ ಚುರುಕಾದ ಮದ್ದು ಹಾಕಿದರೆ ನೂರಾರು ಹುಳು ಒಂದೇ ಸಲ ಸೋತು ಬಿದ್ದು ಸಣ್ಣ ಕರುಳಿಗೆ ಬಿರಡೆ ಹಾಕಿದಂತಾಗುತ್ತದೆ. ಹುಳು ಸತ್ತಿತು, ಮರಿಯೂ ಸತ್ತಿತು ಎಂಬಂತೆ. ಕುಣಿಗಲ್ಲಿನಂಥ ತಾಯಿ-ಮರಿಗಳ ಹುಲ್ಲುಗಾವಲಿಗೂ, ಕಟ್ಟಿ ಮೇಯಿಸುವ ನಾಲ್ಕು ಸಾರೋಟಿನ ಕುದುರೆಗಳಿಗೂ ಒಂದೇ ಪಟ್ಟಿ ನಡೆಯದು.

ನಗರದ ಕುದುರೆಗೆ ಹುಳು ಬರುವುದೆಲ್ಲಿಂದ? ಖಾಲಿ ಸೈಟಿನಲ್ಲಿ ಗೂಟ ಹೊಡೆದು ಕಟ್ಟುತ್ತೇವೆ. ಅಲ್ಲೇ ಲದ್ದಿ, ಅಲ್ಲೇ ಮೇವು. ಇದು ತಾನೇ ಬಡಿಸಿಕೊಂಡು ತಾನೇ ಉಣ್ಣುವ ಊಟ. ವಾರಕ್ಕೆ ಎರಡು ಸಲ ಲದ್ದಿ ಎತ್ತಿದರೆ ಮದ್ದಿನಷ್ಟೇ ಗುಣ ಕಾಣುತ್ತದೆ, ಅದಕ್ಕೆ ದುಡ್ಡೂ ಬೇಡ. ಎತ್ತಿದ್ದನ್ನು ಗುಡ್ಡೆ ಹಾಕಿ ಮುಚ್ಚಿ ಗೊಬ್ಬರ ಮಾಡಿದರೆ ಒಳಗಿನ ಕಾವಿಗೆ ಮರಿಹುಳುಗಳು ಸಾಯುತ್ತವೆ. ಹಸಿ ಲದ್ದಿಯನ್ನು ಮೇಯುವ ಜಾಗಕ್ಕೇ ಹರಡಬಾರದು. ಹುಲ್ಲು, ಹುರುಳಿ ನೆಲಕ್ಕೆ ಸುರಿಯದೆ ತೊಟ್ಟಿಯಲ್ಲಿ ಕೊಡಿ. ಹೊಸ ಕುದುರೆ ಬಂದರೆ ಲದ್ದಿ ಪರೀಕ್ಷೆ, ಮದ್ದು, ಹದಿನಾಲ್ಕು ದಿನ ಬಿಟ್ಟು ಮರುಪರೀಕ್ಷೆ ಆಗುವವರೆಗೆ ಬೇರೆ ಕಟ್ಟಿ.

ಈ ವಿಷಯ ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಎದ್ದು, "ಸಾರ್, ನಮಗೆಲ್ಲ ಪರೀಕ್ಷೆ ಮಾಡದೇ ಮಾತ್ರೆ ಕೊಡ್ತೀರಲ್ಲ, ಕುದುರೆಗೆ ಮಾತ್ರ ಯಾಕೆ ಪರೀಕ್ಷೆ?" ಎಂದಳು. ಒಳ್ಳೆಯ ಪ್ರಶ್ನೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ. ಅಲ್ಲಿ ಒಂದು ಮಾತ್ರೆಗಿಂತ ಒಂದು ಪರೀಕ್ಷೆಗೇ ಖರ್ಚು ಹೆಚ್ಚು. ಕೊಡುವುದೂ ವರ್ಷಕ್ಕೆ ಒಂದೋ ಎರಡೋ ಸಲ. ದೊಡ್ಡವರು ಮಾತ್ರೆ ತಿನ್ನುವುದಿಲ್ಲವಾದ್ದರಿಂದ ಮದ್ದು ಸೋಕದ ಹುಳುಗಳೂ ಊರಿನಲ್ಲಿ ಉಳಿಯುತ್ತವೆ. ಆದರೂ ಅವಳ ಮಾತಿನಲ್ಲಿ ಎಚ್ಚರಿಕೆಯಿದೆ. ಕುದುರೆಯ ಹುಳುಗಳಿಗೆ ಸೋತ ಮನೆತನವೂ, ನಮ್ಮ ಮಕ್ಕಳು ಚೀಪುವ ಮಾತ್ರೆಯ ಮನೆತನವೂ ಒಂದೇ. ಕುದುರೆಯ ಸ್ಟ್ರಾಂಗೈಲ್ ಮನುಷ್ಯರಿಗೆ ಅಂಟುವುದಿಲ್ಲ, ಹೆದರಬೇಕಿಲ್ಲ. ಆದರೆ ಅದು ಕಲಿಸುವ ಪಾಠ ನಮಗೂ ಅನ್ವಯಿಸುತ್ತದೆ: ಶೌಚಾಲಯ, ಚಪ್ಪಲಿ, ಸಾಬೂನು ಇಲ್ಲದೆ ಮಾತ್ರೆಯೊಂದೇ ಕಾಯದು.

ಸಾರೋಟಿನ ಹುಡುಗನಿಗೆ ಮೂರು ಕೆಲಸ ಹೇಳಿದ್ದೇನೆ. ಮುಂದಿನ ಪೇಸ್ಟು ಕೊಳ್ಳುವ ದುಡ್ಡಿನಲ್ಲಿ ನಾಲ್ಕೂ ಕುದುರೆಯ ಲದ್ದಿ ಪರೀಕ್ಷೆ ಮಾಡಿಸು. ಬೆಳಗಿನ ಹೊಸ ಲದ್ದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಕುದುರೆಯ ಹೆಸರು ಬರೆದು, ತಂಪಾಗಿಟ್ಟು ಒಯ್ಯಿ. ಬಾಲ ಉಜ್ಜುವ ಕುದುರೆಗೆ ಸೆಲ್ಲೋಟೇಪ್ ಪರೀಕ್ಷೆ ಮಾಡಿಸು. ಒಂದು ನೂರು ಪುಟದ ನೋಟ್‌ಬುಕ್ ಇಟ್ಟು ಪ್ರತಿ ಕುದುರೆಗೆ ಒಂದು ಪುಟದಂತೆ ತಾರೀಖು, ತೂಕ, ಮದ್ದು, ಎಣಿಕೆ ಬರೆ. ಎರಡು ಮಳೆಗಾಲ ಕಳೆದರೆ ಯಾವ ಡಬ್ಬಿಯ ಪಟ್ಟಿಗಿಂತಲೂ ಆ ನೋಟ್‌ಬುಕ್ಕೇ ನಿನ್ನ ಲಾಯವನ್ನು ಚೆನ್ನಾಗಿ ಬಲ್ಲದು. ಓದುಗರಲ್ಲಿ ಕುದುರೆ ಇಲ್ಲದವರೇ ಹೆಚ್ಚು. ಆದರೆ ಕುರಿ, ಮೇಕೆ, ಹಸು ಇರುವವರಿಗೂ ಮಾತು ಇದೇ: ಮದ್ದು ಹಾಕುವ ಮುಂಚೆ ಒಮ್ಮೆ ಎಣಿಸಿ, ಹಾಕಿದ ಮೇಲೆ ಇನ್ನೊಮ್ಮೆ ಎಣಿಸಿ.